ಟ್ರಂಕಿನ ತಳದ ಸೀರೆಯಿಂದ ಗೋಡೆಯ ಕ್ಯಾಲೆಂಡರಿಗೆ

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಒಂದು ಹಳೇ ಇಳಕಲ್ ಸೀರೆ ಇರಬಹುದು. ಅಜ್ಜಿಯದೋ, ಅತ್ತೆಯ ಅತ್ತೆಯದೋ. ಉಟ್ಟರೆ ಹರಿಯುತ್ತದೆ, ಒಗೆಯಲು ಮನಸ್ಸು ಬಾರದು. ಕಡೆಗೊಂದು ದಿನ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬರುತ್ತಾಳೆ. ಸೀರೆ ಹೋಗಿ ಸ್ಟೀಲಿನ ಡಬ್ಬಿ ಬರುತ್ತದೆ. ಇಲ್ಲವೇ ಸೀರೆ ಕೌದಿಯ ಒಳಪದರಾಗಿ ಕಣ್ಮರೆಯಾಗುತ್ತದೆ. ಇದರಲ್ಲಿ ತಪ್ಪೇನಿಲ್ಲ ಬಿಡ್ರಿ, ಬಟ್ಟೆಗೂ ಆಯುಷ್ಯ ಅಂತ ಒಂದಿದೆ. ಆದರೆ ಕೊಡುವ ಮುನ್ನ ಒಮ್ಮೆಯಾದರೂ ಆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ?

ಅದರ ಮೇಲೆ ಕಸೂತಿ ಇದ್ದರೆ ಸ್ವಲ್ಪ ಹೊತ್ತು ನಿಲ್ಲಿ. ಗೋಪುರವಿದೆ, ತೇರಿದೆ, ಅಂಬಾರಿ ಹೊತ್ತ ಆನೆಯಿದೆ, ತುಳಸಿಕಟ್ಟೆಯಿದೆ, ನವಿಲು, ಗಿಳಿ, ತೊಟ್ಟಿಲು ಎಲ್ಲವೂ ಇವೆ. ಕೆಲವು ಸೆರಗಿನಲ್ಲಿ ಆನೆಗಿಂತ ಗಿಳಿ ದೊಡ್ಡದು. ಕೆಲವುದರಲ್ಲಿ ನವಿಲಿನ ಬಾಲದಿಂದಲೇ ಗಿಡ ಚಿಗುರಿದೆ. ನಿಜ ಲೋಕದಲ್ಲಿ ಎಲ್ಲೂ ಇರದ ಈ ಪ್ರಾಣಿಗಳನ್ನು ಮೊದಲು ಕಂಡವಳು ಯಾರೋ ಒಬ್ಬ ಹೆಣ್ಣುಮಗಳು. ಅವಳ ಮುಂದೆ ಕಾಗದವಿರಲಿಲ್ಲ, ಪೆನ್ಸಿಲ್ ಇರಲಿಲ್ಲ. ಅವಳ ಹೆಸರೂ ಎಲ್ಲೂ ಬರೆದಿಲ್ಲ. ಸೀರೆ ಹೋದ ದಿನ ಅವಳ ಚಿತ್ರವೂ ಹೋಗುತ್ತದೆ.

ಈಗ ಪೇಟೆಯ ಹುಡುಗಿಯರು ಹಳೇ ಕಾಲದ ಚಿತ್ರದ ಧಾಟಿಯಲ್ಲಿ ಮಾಯಾಲೋಕದ ಚಿತ್ರಗಳನ್ನು ತಮ್ಮ ಸಂತೋಷಕ್ಕಾಗಿಯೇ ಬಿಡಿಸುತ್ತಾರೆ. ಅದಕ್ಕೆ ರೆಟ್ರೋ ಅನ್ನುತ್ತಾರೆ, ಫ್ಯಾಂಟಸಿ ಅನ್ನುತ್ತಾರೆ, ಗ್ರಾಫಿಕ್ ಡಿಸೈನ್ ಅನ್ನುತ್ತಾರೆ. ಹೆಸರು ಹೊಸದು, ಕೆಲಸ ನಮ್ಮ ಮನೆಯದೇ. ಈ ಸಲ ಆ ಕೆಲಸವನ್ನು ನೀವೂ ಕೈಗೆತ್ತಿಕೊಳ್ಳಿ. ಅಜ್ಜಿಯ ಸೀರೆಯ ಚಿತ್ರವನ್ನು ಮೊದಲು ಕಾಗದಕ್ಕೆ ಇಳಿಸೋಣ. ಆಮೇಲೆ ಅದರಿಂದ ನಿಮ್ಮದೇ ಕಲ್ಪನೆಯ ಹನ್ನೆರಡು ಚಿತ್ರದ ಒಂದು ಕ್ಯಾಲೆಂಡರ್ ಮಾಡೋಣ.

ಊರ ಸುತ್ತಲೇ ಚಿತ್ರಶಾಲೆ

ಚಿತ್ರ ಕಲಿಯಬೇಕಾದರೆ ಬೆಂಗಳೂರಿಗೋ ಮುಂಬೈಗೋ ಹೋಗಬೇಕು ಎಂದು ನಮ್ಮ ಹೆಣ್ಣುಮಕ್ಕಳು ತಿಳಿಯುತ್ತಾರೆ. ಮುನವಳ್ಳಿಯಂಥ ಊರನ್ನೇ ನೋಡಿ. ಮಲಪ್ರಭೆಯ ದಂಡೆಯ ಊರು, ಪಂಚಲಿಂಗೇಶ್ವರನ ಗುಡಿಯ ಊರು. ಹತ್ತಿರದಲ್ಲೇ ನವಿಲುತೀರ್ಥದ ಆಣೆಕಟ್ಟು, ಸವದತ್ತಿಯ ಎಲ್ಲಮ್ಮನ ಗುಡ್ಡ. ಹುಣ್ಣಿಮೆ ಬಂದರೆ ಸಾಕು, ಗುಡ್ಡದ ದಾರಿಯ ತುಂಬ ಭಂಡಾರದ ಅರಿಶಿನ, ಹಸಿರು ಬಳೆ, ಬೆಳ್ಳಿ ಕಣ್ಣಿನ ದೇವಿಯ ಮುಖ, ಬಣ್ಣ ಹಚ್ಚಿದ ಎತ್ತಿನ ಕೊಂಬು. ಯಾವ ಚಿತ್ರಶಾಲೆ ಇಷ್ಟು ಬಣ್ಣ ಕಲಿಸೀತು?

ಅದೇ ಹೊಳೆಗುಂಟ ಕೆಳಗೆ ಹೋದರೆ ರಾಮದುರ್ಗ, ಅದರಾಚೆ ಬಾದಾಮಿ ತಾಲೂಕಿನ ಪಟ್ಟದಕಲ್ಲು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರದು. ಅಲ್ಲಿಯ ಗುಡಿಗಳ ಮೇಲೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನಂಥ ಬಾಲ ಕೂಡಿಸಿದ ಮಕರವನ್ನು ನೋಡಬಹುದು. ಬಾಯಿ ತೆರೆದ ಕೀರ್ತಿಮುಖವಿದೆ, ಆಕಾಶದಲ್ಲಿ ತೇಲುವ ಗಂಧರ್ವರಿದ್ದಾರೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೇ ಇದೆ. ಅಂದರೆ ನಮ್ಮ ಸೀಮೆಯಲ್ಲಿ ಮಾಯಾಪ್ರಾಣಿಗಳನ್ನು ಬಿಡಿಸುವ ಕೈಗಳಿಗೆ ಹದಿನಾಲ್ಕು ನೂರು ವರ್ಷಕ್ಕೂ ಮಿಕ್ಕಿದ ರೂಢಿ ಇದೆ.

ಇನ್ನು ನಾಟಕದ ಪರದೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2017ರವರೆಗೆ ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ಅವರ ಕಲಾವೈಭವ ನಾಟ್ಯ ಸಂಘದಂಥ ಕಂಪನಿಗಳು ಊರಿಗೆ ಬಂದಾಗ ನಟರ ಹಿಂದೆ ಇಳಿಬಿಡುತ್ತಿದ್ದ ಪರದೆಗಳನ್ನು ನೆನಪು ಮಾಡಿಕೊಳ್ಳಿ, ಇಲ್ಲವೇ ಮನೆಯ ಹಿರಿಯರನ್ನು ಕೇಳಿ. ಒಂದು ಪರದೆ ಅರಮನೆ, ಇನ್ನೊಂದು ದಟ್ಟ ಅಡವಿ, ಮತ್ತೊಂದು ಬೀದಿ. ದೂರದಿಂದ ನೋಡಿದವರಿಗೂ ತಿಳಿಯಲೆಂದು ದಪ್ಪ ಗೆರೆ, ಕಡುಬಣ್ಣ. ಇಂದು ನಮಗೆ ‘ಹಳೇ ಕಾಲದ ಚಿತ್ರ’ ಎಂದು ತೋರುವ ಗುಣದಲ್ಲಿ ಅರ್ಧ ಪಾಲು ಈ ಪರದೆಯಿಂದ ಬಂದದ್ದು, ಇನ್ನರ್ಧ ಪಾಲು ಕ್ಯಾಲೆಂಡರಿನಿಂದ.

ದೇವರಿಗೆ ಸೀರೆ ಉಡಿಸಿದವರು

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಆರಂಭಿಸಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಕಾಗದದ ಮೇಲೆ ಅಚ್ಚಾಗಿ ಸಾಮಾನ್ಯರ ಮನೆಯ ಗೋಡೆಗೆ ಬಂದರು. ಅದು ಕಲ್ಲಚ್ಚಿನ ಕಾಲ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ತಯಾರು ಮಾಡಬೇಕಿತ್ತು. ಆ ಕಾಲದ ಹೆಂಗಸರು ಈ ಅಚ್ಚಿನ ಚಿತ್ರವನ್ನು ಹಾಗೇ ತೂಗುಹಾಕಿ ಸುಮ್ಮನಾಗಲಿಲ್ಲ ನೋಡ್ರಿ. ಲಕ್ಷ್ಮಿಯ ಸೀರೆಯ ಮೇಲೆ ನಿಜವಾದ ಬಟ್ಟೆ ಅಂಟಿಸಿ, ಜರಿ ಹೊಲಿದು, ಮಣಿ ಪೋಣಿಸಿ, ಮಿನುಗು ಬಿಲ್ಲೆ ಹಚ್ಚಿ ಕಟ್ಟು ಹಾಕಿಸಿದರು. ಅಂಥ ಚಿತ್ರಗಳು ಹಳೇ ಮನೆಗಳ ದೇವರ ಕೋಣೆಯಲ್ಲಿ ಇಂದಿಗೂ ಸಿಗುತ್ತವೆ. ಹೆಸರಾಂತ ಕಲಾವಿದನ ಚಿತ್ರಕ್ಕೆ ತಮ್ಮ ಕೈಕೆಲಸ ಕೂಡಿಸಲು ಆ ಗೃಹಿಣಿಯರು ಹಿಂಜರಿಯಲಿಲ್ಲ. ನಾವೇಕೆ ಹಿಂಜರಿಯಬೇಕು?

ಕ್ಯಾಲೆಂಡರಿನ ಚಿತ್ರದಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಪುರಾಣದ ಕ್ಯಾಲೆಂಡರುಗಳನ್ನು ಬಿಡಿಸಿ ಮನೆಮಾತಾದರು. 1993ರಲ್ಲಿ ಅವರು ತೀರಿಕೊಂಡರು. ಅವರು ಬಿಡಿಸಿದ ದೇವರುಗಳ ಮೈಯಲ್ಲಿ ಸಿನಿಮಾದ ಬೆಳಕಿತ್ತು.

ಮಕ್ಕಳಿಗೆ ಮಾಯಾಲೋಕ ತೋರಿಸಿದ್ದು ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ ಆಮೇಲೆ ಕನ್ನಡಕ್ಕೂ ಬಂದ ಈ ಪತ್ರಿಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದು ಈಗ ನಿಂತುಹೋಗಿದೆ. ಹೆಗಲ ಮೇಲೆ ಬೇತಾಳನನ್ನು ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಕಣ್ಣಿಗೆ ಕಟ್ಟಿದೆಯಲ್ಲವೇ? ಅದನ್ನು ಬಿಡಿಸಿದ ಶಂಕರ್ 2020ರಲ್ಲಿ ತೀರಿಕೊಂಡರು. ಮುಖಪುಟಗಳಲ್ಲಿ ಮಹಾಭಾರತವನ್ನು ಮೂಡಿಸಿದವರು ಕನ್ನಡಿಗರೇ ಆದ ಎಂ. ಟಿ. ವಿ. ಆಚಾರ್ಯ. ಅವರು ಮುಂದೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನ ನಡೆಸಿ, ಅಂಚೆಯ ಮೂಲಕ ಚಿತ್ರ ಕಲಿಸಿದರು. ಮನೆಯಲ್ಲೇ ಕೂತು ಕಲಿಯುವುದು ಅಂದಿಗೇ ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಲೆಕ್ಕ ಬಂದರೆ ಚಿತ್ರ ಬಂತು

‘ನನಗೆ ಚಿತ್ರ ಬರೆಯಲು ಬರೋದಿಲ್ಲ’ ಎನ್ನುವವರೇ ಹೆಚ್ಚು. ನಿಮಗೆ ಎಣಿಸಲು ಬರುತ್ತದಲ್ಲ? ಅಷ್ಟು ಸಾಕು. ಕಸೂತಿ ಎಣಿಕೆಯ ಕಲೆ. ಬಟ್ಟೆಯ ಮೇಲೆ ಗುರುತು ಹಾಕದೆ, ಹಾಸು ಹೊಕ್ಕಿನ ಎಳೆ ಎಣಿಸಿ ಹಾಕುವ ಹೊಲಿಗೆಯದು. ಗಂಟು ಹಾಕುವಂತಿಲ್ಲ. ಗೆರೆ ಅಡ್ಡ, ಉದ್ದ, ಓರೆ ಈ ಮೂರೇ ದಿಕ್ಕಿನಲ್ಲಿ ಹೋಗುತ್ತದೆ.

ನಾಲ್ಕು ಬಗೆಯ ಹೊಲಿಗೆ ನಿಮಗೆ ಗೊತ್ತೇ ಇವೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತೇವೆ, ಹೀಗಾಗಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತದೆ. ನೇಗಿ ನೇಯ್ದಂತೆ ಕಾಣುವ ಉದ್ದ ಗಿಡ್ಡ ಎಳೆಗಳ ಹೊಲಿಗೆ. ಮೆಂತಿ ಕತ್ತರಿಯಾಕಾರದ ಹೊಲಿಗೆ, ಮೆಂತ್ಯದ ಕಾಳು ಚೆಲ್ಲಿದಂತೆ ಕಾಣುತ್ತದೆ.

ಈ ಲೆಕ್ಕವನ್ನು ಕಾಗದಕ್ಕೆ ಇಳಿಸುವುದು ಸುಲಭ. ಮಕ್ಕಳ ಲೆಕ್ಕದ ಚೌಕಳಿ ನೋಟುಬುಕ್ಕು ತೆಗೆದುಕೊಳ್ಳಿ. ಸೀರೆಯ ಮೇಲಿನ ಒಂದು ಹೊಲಿಗೆ ಎಂದರೆ ಪುಸ್ತಕದ ಒಂದು ಚೌಕದ ಒಂದು ಬದಿ. ಓರೆ ಹೊಲಿಗೆ ಎಂದರೆ ಚೌಕದ ಮೂಲೆಯಿಂದ ಮೂಲೆಗೆ ಒಂದು ಗೆರೆ. ಚಿತ್ರದ ಕೆಳಗಿನ ಎಡ ಮೂಲೆಯಿಂದ ಆರಂಭಿಸಿ. ಒಂದು ಸಾಲು ಮುಗಿದ ಮೇಲೆಯೇ ಮುಂದಿನ ಸಾಲಿಗೆ ಹೋಗಿ. ಎಲ್ಲಿದ್ದೆವೆಂದು ಮರೆಯದ ಹಾಗೆ ಸೀರೆಯ ಮೇಲೆ ಒಂದು ಪೋಸ್ಟ್ ಕಾರ್ಡ್ ಇಟ್ಟು ಸರಿಸುತ್ತ ಹೋಗಿ. ಸೀರೆ ತೀರ ಜೀರ್ಣವಾಗಿದ್ದರೆ ಪದೇ ಪದೇ ಮುಟ್ಟಬೇಡಿ. ಬೆಳಕಿನಲ್ಲಿ ಚಾಪೆಯ ಮೇಲೆ ಹಾಸಿ, ಮೊಬೈಲಿನಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿಕೊಂಡು ಎಣಿಸಿ. ಬಿಸಿಲಿನಲ್ಲಿ ಬಹಳ ಹೊತ್ತು ಬಿಟ್ಟರೆ ಬಣ್ಣ ಮಾಸೀತು.

ಈಗ ನಿಮ್ಮದೇ ಪ್ರಾಣಿ ಮಾಡೋಣ. ಗಂಡಭೇರುಂಡವನ್ನೇ ಹಿಡಿಯಿರಿ, ಎರಡು ತಲೆಯ ಹಕ್ಕಿ. ಬಳ್ಳಿಗಾವಿಯ ಹನ್ನೊಂದನೆಯ ಶತಮಾನದ ಕಂಬದ ಮೇಲೂ ಅದಿದೆ, ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಇದೆ. ಅಗಲ 30 ಚೌಕ ಇರಲಿ. ನಡುವೆ ಒಂದು ಉದ್ದ ಗೆರೆ ಎಳೆಯಿರಿ, ಎರಡೂ ಕಡೆ 15 ಚೌಕ ಉಳಿಯುತ್ತದೆ. ಎಡಭಾಗವನ್ನು ಮಾತ್ರ ಬಿಡಿಸಿ: ಒಂದು ಕೊಕ್ಕು, ಒಂದು ಕುತ್ತಿಗೆ, ಒಂದು ರೆಕ್ಕೆ, ಅರ್ಧ ಬಾಲ. ಆಮೇಲೆ ಅದೇ ಎಣಿಕೆಯನ್ನು ಬಲಕ್ಕೆ ತಿರುವಿ ಹಾಕಿ. ಎರಡನೆಯ ತಲೆ ತಾನಾಗಿ ಬಂತು! ಮೆಂತಿಯಂತೆ ಇಡೀ ಚೌಕ ತುಂಬುವ ಚಿತ್ರವಾದರೆ 31 ಚೌಕ ಹಿಡಿಯಿರಿ. ಆಗ ನಡುವಿನ ಒಂದು ಸಾಲು ಎರಡೂ ಕಡೆಗೆ ಸೇರಿದ್ದಾಗುತ್ತದೆ. ಕಂಪ್ಯೂಟರಿನ ತೆರೆಯ ಮೇಲಿನ ಚಿತ್ರವೂ ಹೀಗೆ ಸಣ್ಣ ಸಣ್ಣ ಚೌಕಗಳಿಂದಲೇ ಆಗಿರುತ್ತದೆ. ಆ ಹಾದಿಯಲ್ಲಿ ನಮ್ಮ ಅಜ್ಜಿಯರು ಮೊದಲೇ ನಡೆದಿದ್ದರು ಅನ್ನಿ.

ಹನ್ನೆರಡು ಹುಣ್ಣಿಮೆ, ಹನ್ನೆರಡು ಚಿತ್ರ

ಬಿಡಿ ಚಿತ್ರ ಬಿಡಿಸಿದರೆ ಹಾಳೆ ಎಲ್ಲೋ ಹೋಗುತ್ತದೆ. ಕ್ಯಾಲೆಂಡರ್ ಅಂದರೆ ಒಂದು ಗುರಿ ಇರುತ್ತದೆ, ತಿಂಗಳಿಗೊಂದು ಗಡುವು ಇರುತ್ತದೆ. ವಿಷಯ ಹುಡುಕುವ ತೊಂದರೆಯೂ ಇಲ್ಲ. ನಮ್ಮ ಕಡೆ ಒಂದೊಂದು ಹುಣ್ಣಿಮೆಗೂ ಒಂದೊಂದು ಹೆಸರಿದೆ. ಕೆಳಗಿನವು ಸೂಚನೆ ಮಾತ್ರ, ನಿಮ್ಮ ಕಲ್ಪನೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಬನದ ಹುಣ್ಣಿಮೆ: ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಅದರ ಗಾಲಿಯೇ ಚಂದ್ರ.
ಭಾರತ ಹುಣ್ಣಿಮೆ: ತಲೆಯ ಮೇಲೆ ಕೊಡ, ಕೊಡದೊಳಗೆ ಇಡೀ ಮಲಪ್ರಭೆ.
ಹೋಳಿ ಹುಣ್ಣಿಮೆ: ಕಬ್ಬಿನ ಬಿಲ್ಲು ಹಿಡಿದು ಗಿಳಿಯ ಮೇಲೆ ಕೂತ ಕಾಮಣ್ಣ.
ದವನದ ಹುಣ್ಣಿಮೆ: ದವನದ ಎಸಳುಗಳನ್ನೇ ಗರಿ ಮಾಡಿಕೊಂಡ ನವಿಲು.
ಆಗಿ ಹುಣ್ಣಿಮೆ: ಮಾವಿನಕಾಯಿಯೊಳಗೆ ಮಲಗಿದ ಗಿಳಿಮರಿ.
ಕಾರ ಹುಣ್ಣಿಮೆ: ಬಣ್ಣದ ಕೊಂಬಿನ, ರೆಕ್ಕೆಯುಳ್ಳ ಎತ್ತುಗಳು.
ಕಡ್ಲಿಗಡಬ ಹುಣ್ಣಿಮೆ: ಆಷಾಢದ ಹೊಳೆಯಲ್ಲಿ ದೋಣಿಯಾಗಿ ತೇಲುವ ಗಡಬು.
ನೂಲ ಹುಣ್ಣಿಮೆ: ಚಂದ್ರನ ರಾಟೆಯಿಂದ ನೂಲು ತೆಗೆಯುವ ಮುದುಕಿ.
ಅನಂತನ ಹುಣ್ಣಿಮೆ: ಹೆಡೆಗಳ ಮೇಲೆ ಊರನ್ನೇ ಹೊತ್ತ ಸರ್ಪ.
ಸೀಗಿ ಹುಣ್ಣಿಮೆ: ಹೊಲದಲ್ಲಿ ಚರಗ ಚೆಲ್ಲುವಾಗ ಎದ್ದು ಕೂತ ಭೂಮಿತಾಯಿ, ಮೈಯೆಲ್ಲ ಜೋಳದ ತೆನೆ.
ಗೌರಿ ಹುಣ್ಣಿಮೆ: ಜೀವ ಬಂದು ಮೆರವಣಿಗೆ ಹೊರಟ ಸಕ್ಕರೆ ಆರತಿಯ ಆನೆ, ಒಂಟೆ, ಗೋಪುರ.
ಹೊಸ್ತಿಲ ಹುಣ್ಣಿಮೆ: ಮನೆಯ ಹೊಸ್ತಿಲು ಕಾಯುವ ಆನೆ ಮೋರೆಯ ಎರಡು ಸಿಂಹಗಳು.

ಅಧಿಕ ಮಾಸ ಬಂದ ವರ್ಷ ಹದಿಮೂರು ಹುಣ್ಣಿಮೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದು ನಿಮಗೆ ನೆನಪಿರಬಹುದು. ಆ ಹದಿಮೂರನೆಯ ಹಾಳೆಗೆ ಯಾವ ಹಬ್ಬದ ಕಟ್ಟೂ ಇಲ್ಲ. ಅಲ್ಲಿ ನಿಮಗೆ ತೋಚಿದ್ದನ್ನು ಬಿಡಿಸಿ.

ಒಂದು ಮೋಜಿನ ಲೆಕ್ಕವೂ ಇದೆ. ಇಂಗ್ಲಿಷ್ ತಾರೀಖು ಮತ್ತು ವಾರಗಳ ಹೊಂದಾಣಿಕೆಯಲ್ಲಿ ಇರುವುದು ಹದಿನಾಲ್ಕೇ ಬಗೆ. ವರ್ಷ ಏಳು ವಾರಗಳಲ್ಲಿ ಯಾವುದಾದರೂ ಒಂದರಿಂದ ಆರಂಭವಾಗಬೇಕು, ಫೆಬ್ರವರಿಗೆ 28 ದಿನ ಇಲ್ಲವೇ 29 ದಿನ. 2015ರ ವಾರ-ತಾರೀಖುಗಳೇ 2026ಕ್ಕೂ, ಮತ್ತೆ 2037ಕ್ಕೂ ಬರುತ್ತವೆ. ಹಬ್ಬ ಹುಣ್ಣಿಮೆಗಳ ತಾರೀಖು ಮಾತ್ರ ಬದಲಾಗುತ್ತವೆ. ಹೀಗಾಗಿ ಹುಣ್ಣಿಮೆಯ ದಿನವನ್ನು ಅಚ್ಚು ಹಾಕದೆ, ಪಂಚಾಂಗ ನೋಡಿ ಕುಂಕುಮದ ಚುಕ್ಕೆಯಿಂದ ಗುರುತಿಸಿ. ನಿಮ್ಮ ಮಗಳು ಅದೇ ಕ್ಯಾಲೆಂಡರನ್ನು ಮತ್ತೆ ತೂಗುಹಾಕಬಹುದು.

ಬಣ್ಣ, ಕಾಗದ, ಅಕ್ಷರ

ಹಳೇ ಕಾಲದ ಕಳೆ ಬರಬೇಕಾದರೆ ಬಣ್ಣದಲ್ಲಿ ಜಿಪುಣರಾಗಿ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬೇಕಿದ್ದ ಕಾಲದ ನೆನಪು ಮಾಡಿಕೊಂಡು ನಾಲ್ಕೇ ಬಣ್ಣ ಆರಿಸಿ: ಕುಂಕುಮದ ಕೆಂಪು, ಅರಿಶಿನದ ಹಳದಿ, ಗಿಳಿಹಸಿರು, ಕಪ್ಪು. ಹನ್ನೆರಡೂ ಹಾಳೆಗೆ ಅವೇ ಇರಲಿ. ಆಗ ಇಡೀ ಕ್ಯಾಲೆಂಡರ್ ಒಂದೇ ಕೈಯ ಕೆಲಸವೆಂದು ಕಾಣುತ್ತದೆ. ಬಣ್ಣವನ್ನು ಮಬ್ಬು ಮಾಡದೆ ಸಮನಾಗಿ ತುಂಬಿ. ಪೋಸ್ಟರ್ ಕಲರ್ ಇದಕ್ಕೆ ಚೆನ್ನ. ಒಂದು ಹಾಳೆಯನ್ನಾದರೂ ಚಂದ್ರಕಾಳಿ ಸೀರೆಯ ಹಾಗೆ ಮಾಡಿ: ಪೂರ್ತಿ ಕಪ್ಪು ನೆಲ, ಮೇಲೆ ಬಿಳಿ ಗೆರೆ.

ಕಾಗದ ಹೊಚ್ಚ ಹೊಸ ಬಿಳುಪಾಗಿ ಕಣ್ಣಿಗೆ ಕುಕ್ಕಿದರೆ ಹಾಲು ಹಾಕದ ತೆಳು ಚಹಾ ಡಿಕಾಕ್ಷನ್ ಆರಿಸಿ, ಅಗಲ ಕುಂಚದಿಂದ ಒಮ್ಮೆ ಸವರಿ, ನೆರಳಲ್ಲಿ ಒಣಗಿಸಿ. ಬಣ್ಣ ಹಚ್ಚುವ ಮೊದಲೇ ಇದನ್ನು ಮಾಡಬೇಕು. ದಪ್ಪ ಡ್ರಾಯಿಂಗ್ ಹಾಳೆಯಾದರೆ ಸುರುಟುವುದಿಲ್ಲ. ಸುರುಟಿದರೂ ಒಣಗಿದ ಮೇಲೆ ಕಡಾಯಿ, ಒನಕೆ, ದಪ್ಪ ಪುಸ್ತಕ ಏನಾದರೂ ಭಾರ ಹೇರಿದರೆ ಆಯಿತು.

ಅಕ್ಷರವನ್ನು ಕೈಯಿಂದಲೇ ಬರೆಯಿರಿ. ಹಿಂದೆ ಸಿನಿಮಾ ಪೋಸ್ಟರಿನಿಂದ ಹಿಡಿದು ಅಂಗಡಿಯ ಬೋರ್ಡಿನವರೆಗೆ ಕನ್ನಡದ ಶೀರ್ಷಿಕೆಗಳೆಲ್ಲ ಕೈಬರಹವೇ. ಕನ್ನಡ ಅಕ್ಷರ ದುಂಡಗೆ, ತಲೆಕಟ್ಟು ಚೂಪಗೆ. ‘ಹುಣ್ಣಿಮೆ’ ಎಂಬ ಮಾತಿನ ಒತ್ತಕ್ಷರವನ್ನು ಬಳ್ಳಿಯಾಗಿ ಎಳೆಯಬಹುದು. ತಲೆಕಟ್ಟನ್ನು ಗಿಳಿಯ ಕೊಕ್ಕು ಮಾಡಬಹುದು. ಓದಲು ಬಂದರೆ ಸಾಕು.

ನಾಲ್ಕು ಪ್ರತಿ ಬೇಕೆಂದರೆ ತಾಲೂಕು ಊರುಗಳಲ್ಲೂ ಈಗ ಬಣ್ಣದ ಜೆರಾಕ್ಸ್ ಸಿಗುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಕೆಂಪು ಕೆಂಪಾಗಿಯೇ ಬಂದಿದೆಯೇ ನೋಡಿ, ಆಮೇಲೆ ಉಳಿದದ್ದು.

ಯಾರ ಚಿತ್ರ, ಯಾರ ಹೆಸರು?

ಇಲ್ಲೊಂದು ಎಚ್ಚರಿಕೆಯ ಮಾತು. ಕಲಿಯಲೆಂದು ಬೇರೆಯವರ ಚಿತ್ರ ನೋಡಿ ಬಿಡಿಸುವುದು ಒಳ್ಳೆಯದೇ. ಆದರೆ ಅದನ್ನೇ ತಿದ್ದಿ ತೀಡಿ ಮಾರಾಟಕ್ಕೆ ಇಡಬಾರದು. ನಮ್ಮ ದೇಶದ ಕಾನೂನಿನಂತೆ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಅವರ ಚಿತ್ರಕ್ಕೆ ಹಕ್ಕು ಉಳಿಯುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಆ ಅವಧಿ ಎಂದೋ ಮುಗಿದಿದೆ. ಈಚಿನವರ ಚಿತ್ರಗಳಿಗೆ ಹಾಗಲ್ಲ. ಕಸೂತಿಯ ಹಳೇ ಮಾದರಿಗಳು ನಮ್ಮೆಲ್ಲರ ಸೊತ್ತು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಾಗಾಗಿ ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆಯನ್ನು ಕೈ ಕಸೂತಿ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ. ಬಟ್ಟೆ ತಿರುವಿ ಹಿಂಬದಿ ನೋಡಿ. ಗವಂತಿಯಾದರೆ ಹಿಂದೆಯೂ ಅದೇ ಚಿತ್ರ, ಅಷ್ಟೇ ಚೊಕ್ಕಟ.

‘ಮನೆಗೆಲಸ ಬಿಟ್ಟು ಇದೇನು ಚಿತ್ರ ಬರೀತಾ ಕೂತಳು’ ಎಂಬ ಮಾತು ಬರುತ್ತದೆ. ಬರಲಿ. ದಿನಕ್ಕೆ ಅರ್ಧ ತಾಸು ಸಾಕು, ಊಟವಾದ ಮೇಲಿನ ಅರ್ಧ ತಾಸು. ಆ ಹೊತ್ತನ್ನು ಕೇಳಿ ಪಡೆಯಬೇಡಿ, ಗೊತ್ತುಮಾಡಿಕೊಂಡು ಕೂತುಬಿಡಿ. ಬೇಕಿದ್ದರೆ ಅತ್ತೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಈ ತೇರಿನ ಮೇಲಿನ ಕಳಸಕ್ಕೆ ಎಷ್ಟು ಎಳೆ, ಅತ್ತಿ?’ ಎಂದು ಕೇಳಿ. ಎಷ್ಟೋ ವರ್ಷದಿಂದ ಯಾರೂ ಅವರನ್ನು ಅದನ್ನು ಕೇಳಿರುವುದಿಲ್ಲ. ಕನ್ನಡಕ ತರಿಸಿಕೊಂಡು ಅವರೂ ಕೂತಾರು. ಈ ಮಾದರಿ ಯಾರಿಂದ ಕಲಿತದ್ದು, ತವರಿನದೋ ಇಲ್ಲಿಯದೋ, ಇದಕ್ಕೆ ಅವರು ಏನೆಂದು ಕರೆಯುತ್ತಿದ್ದರು, ಅದನ್ನೆಲ್ಲ ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಿ. ಚಿತ್ರವನ್ನು ಸೀರೆಯಿಂದ ಎಂದಾದರೂ ಇಳಿಸಿಕೊಳ್ಳಬಹುದು, ಈ ಮಾತು ಮಾತ್ರ ಆ ಹಿರಿಯರು ಇರುವವರೆಗಷ್ಟೇ ಸಿಗುತ್ತದೆ.

ಕಡೆಯದಾಗಿ, ಪ್ರತಿ ಹಾಳೆಯ ಹಿಂಬದಿ ಮೂರು ಸಾಲು ತಪ್ಪದೇ ಬರೆಯಿರಿ. ಮಾದರಿ ಯಾರ ಸೀರೆಯದು ಎಂಬುದು ಒಂದು. ಬಿಡಿಸಿದವರ ಹೆಸರು ಎರಡನೆಯದು, ಅಂದರೆ ನಿಮ್ಮ ಹೆಸರು, ‘ಇಂಥವರ ಮನೆಯವರು’ ಎಂದಲ್ಲ. ಮೂರನೆಯದು ಊರು ಮತ್ತು ಇಸವಿ. ಸೆರಗಿನ ಮೇಲೆ ಗೋಪುರ ಎತ್ತಿದವಳಿಗೆ ಈ ಮೂರು ಸಾಲು ಬರೆಯಲು ಜಾಗವೇ ಸಿಗಲಿಲ್ಲ. ನಿಮಗೆ ಹಾಳೆಯ ಹಿಂಬದಿ ಪೂರ್ತಿ ಖಾಲಿ ಇದೆ.